ರಾಹುಕಾಲ ಕಳೆದ ಮೇಲಿನ ಗಾಳಿ

ಡಲ್ಲಾಸ್ ಪಕ್ಕದ ಯೂಲೆಸ್‌ನ ಸಿದ್ಧಾರ್ಥನಿಗೆ ಬೆಳಿಗ್ಗೆ ಎದ್ದ ಕೂಡಲೇ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂಬುದು ಆಮೇಲೆ ಗೊತ್ತಾಗುತ್ತಿತ್ತು. ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ಯಾರಾದರೂ ಒಬ್ಬ ನೆನಪಾಗಿಯೇ ಆಗುತ್ತಿದ್ದ. ಯಾರೂ ಆಗದ ದಿನ ಸಾಫ್ಟ್‌ವೇರ್‌ನವರು ಇದ್ದೇ ಇದ್ದರು.

ಎಂಟು ಗಂಟೆಗೆ ಅವನು ಹೆದ್ದಾರಿ ಒನ್ ಏಟಿ ತ್ರೀ ಪಕ್ಕದ ಸರ್ವಿಸ್ ರಸ್ತೆಗಿಳಿದು ಓಡಲು ಶುರುಮಾಡುತ್ತಿದ್ದ. ಹೊತ್ತು ಬೇಕಂತಲೇ ಆರಿಸಿಕೊಂಡದ್ದು. ಆಗಲೇ ಅಲ್ಲವೇ ಡಲ್ಲಾಸಿನ ಅಷ್ಟೂ ಇಂಜಿನಿಯರುಗಳು ಕಾರಿನ ಗಾಜು ಏರಿಸಿಕೊಂಡು, ಎ.ಸಿ. ಹಾಕಿಕೊಂಡು, ಬಂಪರಿಗೆ ಬಂಪರ್ ಹಚ್ಚಿ ಆಮೆಗಳ ಹಾಗೆ ಕೂತಿರುತ್ತಿದ್ದದ್ದು! ಅವರೆಲ್ಲ ನೋಡಲಿ, ಗಂಡಸು ಅಂದರೆ ಹೇಗೆ ಓಡುತ್ತಾನೆ ಅಂತ. ನೆತ್ತಿಯ ಮೇಲೆ ವಿಮಾನ, ಮಗ್ಗುಲಿಗೆ ಟ್ರಕ್ಕು, ನಡುವೆ ಬಾಯಿ ಅಗಲಿಸಿಕೊಂಡು ಗಾಳಿ ಎಳೆಯುತ್ತ ಓಡುವ ಸಿದ್ಧಾರ್ಥ. ಯಾರಾದರೂ ಹಾರನ್ ಹೊಡೆದರೆ ಅದನ್ನು ಮೆಚ್ಚುಗೆಯೆಂದೇ ತಿಳಿಯುತ್ತಿದ್ದ. ಮನೆಗೆ ಬಂದ ಮೇಲೆ ಒಂದಿಷ್ಟು ಕೆಮ್ಮು. ಕೆಮ್ಮಿನ ಮೇಲೂ ಸಿಟ್ಟು.

ಅವನ ದಮ್ಮು ಅಂಥದ್ದು. ಡಲ್ಲಾಸ್ ಕನ್ನಡ ಬಳಗದ ಕಬಡ್ಡಿ ತಂಡಕ್ಕೆ ಅವನಿಲ್ಲದೆ ಗತಿಯಿರಲಿಲ್ಲ. ಎದುರಾಳಿಯ ಅಂಗಳಕ್ಕೆ ಹೊಕ್ಕು 'ಕಬಡ್ಡಿ ಕಬಡ್ಡಿ' ಅನ್ನಲು ಶುರುಮಾಡಿದನೆಂದರೆ ಅಂಗಳದವರಿಗೇ ಉಸಿರು ಕಟ್ಟಬೇಕು. ಹೋದ ವರ್ಷ ಹ್ಯೂಸ್ಟನ್ನಿನವರನ್ನು ಅವನೊಬ್ಬನೇ ಕೆಡವಿದ್ದ. ಈ ವರ್ಷ ಅವನನ್ನೇ ಕ್ಯಾಪ್ಟನ್ ಮಾಡಿದರು. ಪೆಟ್ರೋಲ್ ಬಂಕಿನ ಗಲ್ಲಾದ ಹಿಂದೆ ನಿಲ್ಲುವ ಹುಡುಗನನ್ನು ಕ್ಯಾಪ್ಟನ್ ಮಾಡಿದ್ದಕ್ಕೆ ಬಂಕಿನ ಮಾಲೀಕರೂ ಅವನ ಕಾಕಾನೂ ಆದ ಸಿದ್ರಾಮಪ್ಪನವರು ಊರಿಗೆಲ್ಲ ಪೇಡೆ ಹಂಚಿದರು.

ಕ್ಯಾಪ್ಟನ್ ಅಂದರೆ ಏನೆಂಬುದು ಸಿದ್ಧಾರ್ಥನಿಗೆ ಹೊಳೆದದ್ದು ಹ್ಯೂಸ್ಟನ್ನಿಗೆ ಹೋಗುವ ವ್ಯಾನಿನಲ್ಲಿ, ಅರ್ಧ ದಾರಿ ಕಳೆದ ಮೇಲೆ.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಬಳಗಗಳು ವರ್ಷಕ್ಕೊಮ್ಮೆ ಸೇರಿ ಆಡುವ ಆ ಪಂದ್ಯಕ್ಕೆ ಒಂದು ಪದ್ಧತಿ ಇತ್ತು. ಪಂದ್ಯವಾದ ಮೇಲೆ ಬಾಳೆ ಎಲೆಯ ಊಟ. ಊಟವಾದ ಮೇಲೆ ಸೋತ ತಂಡದ ಕ್ಯಾಪ್ಟನ್ ಗೆದ್ದ ತಂಡದವರ ಎಂಜಲೆಲೆ ಎತ್ತಬೇಕು. ಯಾರೋ ತಮಾಷೆಗೆ ಶುರುಮಾಡಿದ್ದು ಶಾಸ್ತ್ರವಾಗಿಬಿಟ್ಟಿತ್ತು. ಹೋದ ವರ್ಷ ಹ್ಯೂಸ್ಟನ್ನಿನ ಕ್ಯಾಪ್ಟನ್ ನಿಶ್ಚಲ್ ಪಂಚೆ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ, 'ಸಾರ್, ಎಲೆ ಸಾರ್' ಅಂತ ಕುಣಿಯುತ್ತ ಎತ್ತಿದ್ದ. ಬಿದ್ದು ಬಿದ್ದು ನಕ್ಕು ಎಲ್ಲರೂ ಫೋಟೊ ಹೊಡೆದಿದ್ದರು. ನಿಶ್ಚಲ್ ಅದನ್ನೇ ತನ್ನ ಆಫೀಸಿನ ಮೇಜಿನ ಮೇಲೆ ಇಟ್ಟುಕೊಂಡಿದ್ದಾನಂತೆ.

ಇಟ್ಟುಕೊಳ್ಳಲಿ ಬಿಡಿ. ಸೋಮವಾರ ತಿರುಗುವ ಕುರ್ಚಿಗೆ ವಾಪಸಾಗುವವನಿಗೆ ಎಂಜಲೆಲೆ ನಗೆಯ ವಸ್ತುವೇ. ಸಿದ್ಧಾರ್ಥ ಎಂಟನೆಯ ತರಗತಿ ಬಿಟ್ಟು ಹುಬ್ಬಳ್ಳಿಯ ಹಳೇ ಬಸ್ ಸ್ಟ್ಯಾಂಡ್ ಎದುರಿನ ಖಾನಾವಳಿಯಲ್ಲಿ ತಾಟು ಎತ್ತಿದವನು. ಫೋಟೊಗಾಗಿ ಎತ್ತಿದ್ದಲ್ಲ, ಹೊಟ್ಟೆಗಾಗಿ ಎತ್ತಿದ್ದು. ತಾಟಿನಲ್ಲೇ ಕೈ ತೊಳೆದು ಮೀಸೆ ಒರೆಸಿಕೊಳ್ಳುತ್ತ 'ಏ, ಎತ್ತೋ' ಅನ್ನುವ ಗಿರಾಕಿಗಳ ಮುಖ ಇವತ್ತಿಗೂ ಒಂದೊಂದೂ ನೆನಪಿದೆ. ಟೆಕ್ಸಾಸಿಗೆ ಬಂದಿಳಿದ ದಿನ ತನಗೆ ತಾನೇ ಹೇಳಿಕೊಂಡಿದ್ದ: ಇನ್ನು ಸತ್ತರೂ ಇನ್ನೊಬ್ಬರ ಎಂಜಲಿಗೆ ಕೈ ಹಚ್ಚುವುದಿಲ್ಲ.

"ಕಾಕಾ, ಗಾಡಿ ಹೊಳ್ಳಿಸ್ರಿ" ಎಂದ.

"ಯಾಕಲೇ, ಒಂದಕ್ಕ ಬಂತೇನು?"

"ಸೋತ್ರ ನಾ ಎಲಿ ಎತ್ತಬೇಕಲ್ರಿ."

"ಸೋಲಬ್ಯಾಡ, ಮುಗೀತು" ಎಂದರು ಸಿದ್ರಾಮಪ್ಪ. ಅದಕ್ಕಿಂತ ಸರಳವಾದ ಉಪಾಯ ಯಾರ ಬಳಿಯೂ ಇರಲಿಲ್ಲ.

ಹ್ಯೂಸ್ಟನ್ನಿನವರು ತಮ್ಮ ಊರಂಚಿನ ಸೈಪ್ರೆಸ್‌ನಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದರು. ಹಾಲಿನೊಳಗೆ ಊಟಕ್ಕೆ ಮೇಜು, ಹೊರಗೆ ಹುಲ್ಲಿನ ಮೇಲೆ ಸುಣ್ಣದ ಗೆರೆ. ಪಂದ್ಯ ಬೆಳಿಗ್ಗೆ ಒಂಬತ್ತಕ್ಕೆ ಎಂದು ಕರೆಯೋಲೆಯಲ್ಲಿತ್ತು. ಆದರೆ ಒಂಬತ್ತು ಹೊಡೆಯುವ ಹೊತ್ತಿಗೆ ಸಿದ್ರಾಮಪ್ಪನವರು ಜೇಬಿನಿಂದ ಕ್ಯಾಲೆಂಡರಿನ ಹಾಳೆ ತೆಗೆದರು.

"ಇವತ್ತ ಶನಿವಾರ. ಒಂಬತ್ತರಿಂದ ಹತ್ತೂವರಿ ತನಕಾ ರಾಹುಕಾಲ. ನಮ್ಮ ಹುಡುಗರು ಗೆರಿ ದಾಟೂದಿಲ್ಲ ನೋಡ್ರಿ."

"ಅಂಕಲ್, ಅದು ಬೆಂಗಳೂರಿನ ಕ್ಯಾಲೆಂಡರ್" ಎಂದ ನಿಶ್ಚಲ್.

"ರಾಹು ಏನ್ ಬೆಂಗಳೂರ ಬಿಟ್ಟು ಬರೂದಿಲ್ಲಂತ ಬರಕೊಟ್ಟಾನೇನು? ನೀವೆಲ್ಲಾ ಬಂದೀರಿಲ್ಲೊ?"

ಮನೆ ಕೊಳ್ಳುವಾಗ ಎಲ್ಲರೂ ಅದೇ ಕ್ಯಾಲೆಂಡರ್ ನೋಡಿದ್ದವರೇ. ಹತ್ತೂವರೆಗೆ ರಾಹು ಹೋದ, ಅಧ್ಯಕ್ಷರು ಬಂದರು. ದೀಪ ಬೆಳಗಿದರು. ಮಾಜಿ ಅಧ್ಯಕ್ಷರು ಮಾತಾಡಿದರು. ಅವರಿಗಿಂತ ಮುಂಚಿನ ಮಾಜಿಯೂ ತಾನು ಮಾತಾಡುವುದಿಲ್ಲವೆಂದು ಬಹಳ ಹೊತ್ತು ಮಾತಾಡಿದರು. ಮಕ್ಕಳ ನೃತ್ಯದ ಸಿ.ಡಿ. ಸಿಕ್ಕಿಕೊಂಡು, ಬಿಡಿಸಿ, ಮತ್ತೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಒಂದೂವರೆಯಾಗಿ ಯಮಗಂಡ ಕಾಲ ಶುರುವಾಯಿತು. ಅದು ಮುಗಿಯುವುದು ಮೂರಕ್ಕೆ. ಸರಿ, ಮೂರಕ್ಕೆ ಪಂದ್ಯ ಎಂದರು. ಪಂದ್ಯವಾಗದೆ ಊಟವಿಲ್ಲ. ಜನ ಚಕ್ಕುಲಿ ತಿಂದು ಕಾದರು.

ಆಗ ಎದ್ದವಳು ಶ್ರೀವಿದ್ಯಾ. ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಶ್ವಾಸಕೋಶದ ಡಾಕ್ಟರು, ಮೈಸೂರಿನವಳು. ಬೆಳಿಗ್ಗೆಯಿಂದ ಒಂದೇ ಮಾತನ್ನು ಹೇಳಿ ಹೇಳಿ ಅವಳ ಸಮಾಧಾನ ತೀರಿತ್ತು.

"ಇವತ್ತು ಓಝೋನ್ ವಾರ್ನಿಂಗ್ ಇದೆ ಕಣ್ರೀ. ಟೀವಿಯಲ್ಲಿ ಹೇಳ್ತಾನೇ ಇದಾರೆ. ಮೂರು ಗಂಟೆಗೆ ಹೊರಗೆ ಆಡೋಕೆ ಹೋಗ್ಬೇಡಿ."

"ಇಡೀ ಜಗತ್ತು ಓಝೋನ್ ತೂತು ಬಿತ್ತು ಅಂತ ಅಳ್ತದ. ನಿಮಗ ಹೆಚ್ಚಾತೇನ್ರಿ?" ಎಂದರು ಸಿದ್ರಾಮಪ್ಪ.

"ಅದು ಮೇಲಿರೋದು ಅಂಕಲ್, ಒಳ್ಳೇದು. ಇದು ಮೂಗಿನ ಮುಂದಿರೋದು. ಕಾರು, ಫ್ಯಾಕ್ಟರಿ ಬಿಟ್ಟ ಹೊಗೇನ ಬಿಸಿಲು ಬೇಯಿಸಿದ್ರೆ ಆಗತ್ತೆ. ಬೆಳಿಗ್ಗೆ ಒಲೆ ಹಚ್ಚಿದ್ರೆ ಮಧ್ಯಾಹ್ನ ಮೂರಕ್ಕೆ ಅಡುಗೆ ಪೂರಾ ರೆಡಿ. ನೀವು ಸರಿಯಾಗಿ ಊಟದ ಹೊತ್ತಿಗೆ ಎಲೆ ಹಾಕ್ಕೊಂಡು ಕೂತ್ಕೋತಿದ್ದೀರಿ."

"ಹಂಗಾರ ಇಲ್ಲೇ ಕುಂತವ್ರಿಗೆ ಏನೂ ಆಗೂದಿಲ್ಲೇನ್ರಿ? ಗಾಳಿ ಎಲ್ಲಾರಿಗೂ ಒಂದಽ ಅಲ್ಲ?" ಎಂದು ಸಿದ್ಧಾರ್ಥ ಮೂತಿ ಮುಂದೆ ಮಾಡಿದ.

"ಗಾಳಿ ಒಂದೇ, ಕುಡಿಯೋದು ಬೇರೆ. ಸುಮ್ನೆ ಕೂತೋರು ನಿಮಿಷಕ್ಕೆ ಆರೇಳು ಲೀಟರ್ ಎಳ್ಕೋತಾರೆ. ಜೋರಾಗಿ ಓಡೋರು ಅದರ ಹತ್ತರಷ್ಟು. ಮೂಗು ಸಾಲ್ದೆ ಬಾಯಲ್ಲಿ ಎಳೀತಾರೆ, ಮೂಗು ತಡೆಯೋ ಅಷ್ಟನ್ನೂ ತಡೆಯೋರಿಲ್ಲ. ಆಳಕ್ಕೆ ಬೇರೆ ಹೋಗತ್ತೆ."

ಸಿದ್ರಾಮಪ್ಪನವರು ಕೈಯೆತ್ತಿದರು. ಅವರಿಗೆ ಒಂದು ಸಿದ್ಧಾಂತ ಹೊಳೆದಿತ್ತು. "ಡಾಕ್ಟರವ್ವ, ಕ್ರಿಕೆಟ್ ಆದ್ರ ನೀ ಅಂದದ್ದು ಖರೇ. ಕಬಡ್ಡಿಯೊಳಗ ಉಸಿರ ಬಿಡೂದಷ್ಟ ಅದ, ತಗೊಳ್ಳೂದಽ ಇಲ್ಲ. ಬಾಗಲಾ ಹಾಕಿದ ಮನಿಯೊಳಗ ಕಳ್ಳ ಹೆಂಗ ಹೋಗ್ತಾನ?"

ಡಲ್ಲಾಸಿನವರು ಚಪ್ಪಾಳೆ ತಟ್ಟಿದರು. ಅವರಲ್ಲಿ ಇಬ್ಬರು ಪಿಎಚ್‌.ಡಿ. ಮಾಡಿದವರೂ ಇದ್ದರು.

"ರೈಡ್ ಮುಗಿಸಿ ಬಂದ್ಮೇಲೆ ತಗೋತೀರಲ್ಲ ಅಂಕಲ್! ಬಾಯಿ ಇಷ್ಟಗಲ ತೆಗೆದು! ಕಟ್ಟಿಟ್ಟಿದ್ದಕ್ಕೆಲ್ಲ ಬಡ್ಡಿ ಸೇರಿಸಿ ಎಳ್ಕೋತೀರಿ!" ಶ್ರೀವಿದ್ಯಾ ಹಣೆ ಚಚ್ಚಿಕೊಂಡಳು. ಆಮೇಲೆ ಸಿದ್ಧಾರ್ಥ ಕೆಮ್ಮುವುದನ್ನು ಕೇಳಿ ಅವನ ಕಡೆ ತಿರುಗಿದಳು. "ನಿಮಗೆ ಈ ಕೆಮ್ಮು ಯಾವಾಗಿಂದ?"

"ಅದು ಪ್ರಾಕ್ಟೀಸಿಂದ್ರಿ. ದಿನಾ ಓಡ್ತೇನಿ."

"ಎಲ್ಲಿ?"

"ಒನ್ ಏಟಿ ತ್ರೀ ಸರ್ವಿಸ್ ರೋಡ್. ಮುಂಜಾನೆ ಎಂಟಕ್ಕ."

ಅವಳು ಅವನ ಎದುರಿಗೇ ಬಂದು ನಿಂತಳು. "ದಿನಾ ಚರಂಡಿ ಪಕ್ಕ ನಿಂತು, ಅದೇ ನೀರಲ್ಲಿ ಬಾಯಿ ಮುಕ್ಕಳಿಸ್ತಿದ್ದೀರಿ ಕಣ್ರೀ. ಓಡೋದು ಬಿಡಿ ಅಂತಿಲ್ಲ ನಾನು. ಆ ರೋಡ್ ಬಿಡಿ, ಆ ಹೊತ್ತು ಬಿಡಿ. ಇವತ್ತಂತೂ ಆಡ್ಲೇಬೇಡಿ."

ಸಿದ್ಧಾರ್ಥನಿಗೆ ಒಂದು ಕ್ಷಣ ಅವಳ ಮಾತು ನಿಜವೆನ್ನಿಸಿತು. ಎದೆಯಲ್ಲಿ ಬೆಳಿಗ್ಗೆಯಿಂದ ಏನೋ ಗೀರುತ್ತಿದ್ದದ್ದೂ ನಿಜ. ಬಾಯಿ ತೆರೆದು ಆಯಿತು ಅನ್ನುವುದರಲ್ಲಿದ್ದ. ಅಷ್ಟರಲ್ಲಿ ನಿಶ್ಚಲ್ ಹಲ್ಲು ಕಿರಿದ.

"ಡಲ್ಲಾಸ್‌ನೋರು ಆಡಲ್ಲ ಅಂದ್ರೆ ನಮ್ಮ ಅಭ್ಯಂತರ ಏನಿಲ್ಲಪ್ಪ. ಆಡದೇ ಇದ್ದೋರು ಸೋತ ಹಾಗೆ. ಎಲೆ ರೆಡಿ ಇದೆ, ಕಸದ ಚೀಲಾನೂ ರೆಡಿ ಇದೆ."

"ಗೆರಿಗೆ ಬಾರಲೇ" ಎಂದು ಸಿದ್ಧಾರ್ಥ ಅಂಗಿ ಬಿಚ್ಚಿ ಎಸೆದ.

ಹೊರಗೆ ಆಗಸ್ಟಿನ ಆಕಾಶ ಹಾಲು ಒಡೆದ ಬಣ್ಣಕ್ಕೆ ತಿರುಗಿತ್ತು. ಎಲೆಯೊಂದೂ ಅಲುಗದು. ರೆಫರಿ ಆಸ್ಟಿನ್ನಿನ ಮೋಹನರಾಜ. ಆಸ್ಟಿನ್ನಿನಿಂದ ಬಂದದ್ದು ನಾಲ್ಕೇ ಜನ, ತಂಡವಾಗಲಿಲ್ಲ. ಹಾಗಾಗಿ ಅವನ ಕೈಗೆ ಸೀಟಿ ಕೊಟ್ಟಿದ್ದರು. ಅಲ್ಲಿನ ದ ಡೊಮೇನ್ ಬಡಾವಣೆಯ ಹೊಸ ಆಫೀಸಿನಲ್ಲಿ ಮ್ಯಾನೇಜರನಾಗಿದ್ದ ಅವನು ಯಾವ ಕಡೆಯವರಿಗೂ ಬೇಜಾರಾಗದಂತೆ ಸೀಟಿ ಊದುವುದರಲ್ಲಿ ಪಳಗಿದ್ದ.

ಮೊದಲರ್ಧ ಸಿದ್ಧಾರ್ಥನದೇ. ಹೊಕ್ಕ, ಮುಟ್ಟಿದ, ಹಾರಿದ, ಬಂದ. ಬಂದವನೇ ಮೊಣಕಾಲಿನ ಮೇಲೆ ಕೈಯೂರಿ ಕಮ್ಮಾರನ ತಿದಿಯ ಹಾಗೆ ಗಾಳಿ ಎಳೆದ. ಮತ್ತೆ ಹೊಕ್ಕ. ಡಲ್ಲಾಸ್ ಮುಂದಿತ್ತು. ಆದರೆ ಆಟ ಸಾಗುತ್ತ ಸಾಗುತ್ತ ಒಂದು ವಿಚಿತ್ರ ಶುರುವಾಯಿತು. ಆಟಗಾರರು ಎದುರಾಳಿಯಿಂದ ಔಟಾಗುವ ಬದಲು ತಾವಾಗಿಯೇ ಔಟಾಗತೊಡಗಿದರು. ಒಬ್ಬ ರೈಡಿಗೆ ಹೊರಟವನು ಉಸಿರು ಎಳೆದುಕೊಳ್ಳಲು ಹೋಗಿ ಕೆಮ್ಮಿ ಅಲ್ಲೇ ಕೂತ. ಇನ್ನೊಬ್ಬನ ಗಂಟಲು ಮೆಣಸಿನಕಾಯಿ ಒಗ್ಗರಣೆಗೆ ಸಿಕ್ಕ ಹಾಗಾಯಿತು. ಹಿಡಿದವನೂ ಕೆಮ್ಮುತ್ತಿದ್ದ, ಹಿಡಿಸಿಕೊಂಡವನೂ ಕೆಮ್ಮುತ್ತಿದ್ದ. ಯಾರು ಯಾರನ್ನು ಬಿಟ್ಟರೆಂದು ಮೋಹನರಾಜನಿಗೆ ತಿಳಿಯದೆ ಇಬ್ಬರಿಗೂ ಪಾಯಿಂಟು ಕೊಟ್ಟ. ಶ್ರೀವಿದ್ಯಾ ಗೆರೆಯ ಬಳಿ ನಿಂತು ಒಬ್ಬೊಬ್ಬರನ್ನೇ, ಕಿವಿ ಹಿಂಡುವುದೊಂದು ಬಾಕಿ ಎನ್ನುವಂತೆ, ಹಾಲಿನೊಳಗಿನ ತಂಪಿಗೆ ಅಟ್ಟುತ್ತಿದ್ದಳು.

ಹ್ಯೂಸ್ಟನ್ನಿನ ಕಡೆ ಜನ ಸಾಲದಾದಾಗ ನಿಶ್ಚಲ್ ಹಾಲಿನತ್ತ ನೋಡಿ ಕೂಗಿದ, "ಭಟ್ರೇ, ಬನ್ನಿ!"

ಬಂದವರು ನರಸಿಂಹ. ವಾರದ ಐದು ದಿನ ಡೇಟಾಬೇಸು, ಎರಡು ದಿನ ಸತ್ಯನಾರಾಯಣ ಪೂಜೆ. ಸೈಪ್ರೆಸ್‌ನಲ್ಲಿ ಗೃಹಪ್ರವೇಶವಾದ ಮನೆಗಳಲ್ಲೆಲ್ಲ ಅವರ ಮಂತ್ರವೇ. ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ವ್ಯಾಯಾಮವೆಂದರೆ ಗಂಟೆ ಅಲ್ಲಾಡಿಸುವುದು. ಬೆಳಿಗ್ಗೆಯಿಂದ ಎ.ಸಿ.ಯ ಕೆಳಗೆ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದ ಅವರು ಪಂಚೆಯ ಕಚ್ಚೆ ಬಿಗಿದು, "ಕೃಷ್ಣಾ" ಎಂದು ಗೆರೆಯ ಬಳಿ ನಿಂತರು.

ಡಲ್ಲಾಸಿನವರು ನಕ್ಕರು, ಕೆಮ್ಮಿದರು.

ನರಸಿಂಹ ಓಡಲಿಲ್ಲ. ಹಾರಲಿಲ್ಲ. ದೇವಸ್ಥಾನದ ಪ್ರದಕ್ಷಿಣೆಗೆ ಹೊರಟವರ ಹಾಗೆ ನಡೆದುಕೊಂಡು ಬಂದು ಅಂಗಳದ ನಡುವೆ ನಿಂತು 'ಕಬಡ್ಡಿ ಕಬಡ್ಡಿ ಕಬಡ್ಡಿ' ಎಂದು ಅರ್ಚನೆಯ ಧಾಟಿಯಲ್ಲಿ ಶುರುಮಾಡಿದರು. ನಿಂತೇ ಇದ್ದರು. ಹೇಳುತ್ತಲೇ ಇದ್ದರು. ಸಹಸ್ರನಾಮವನ್ನು ನಿಲ್ಲಿಸದೆ ಹೇಳಿ ಪಳಗಿದ ಎದೆ. ಮೈ ಏನೂ ಕೆಲಸ ಮಾಡದ್ದರಿಂದ ಗಾಳಿಯನ್ನೂ ಕೇಳುತ್ತಿರಲಿಲ್ಲ. ಡಲ್ಲಾಸಿನವರು ಕಾದು ಕಾದು ತಾಳ್ಮೆಗೆಟ್ಟು ಮೈಮೇಲೆ ಬಿದ್ದರು. ಬಿದ್ದವರು ಹೊಟ್ಟೆಗೆ ತಾಗಿ ಪುಟಿದರು. ನರಸಿಂಹ ಮೂವರಿಂದ ಮುಟ್ಟಿಸಿಕೊಂಡು, ಬಂದ ಹಾಗೇ ನಡೆದು ವಾಪಸಾದರು. ಅವರ ಹಣೆಯ ಗಂಧ ಕೂಡ ಕದಡಿರಲಿಲ್ಲ.

ಸಮಸಮವಾಯಿತು. ಕೊನೆಯ ರೈಡು ಸಿದ್ಧಾರ್ಥನದು.

"ಲೇ ತಮ್ಮಾ, ಒಂದ ಮಂದಿ ಮುಟ್ಟಿದ್ರ ಸಾಕು!" ಎಂದು ಸಿದ್ರಾಮಪ್ಪ ಕೂಗಿದರು.

ಸಿದ್ಧಾರ್ಥನ ಕಣ್ಣಿಗೆ ಎದುರಿನ ಅಂಗಳ ಕಾಣಲಿಲ್ಲ. ಹಾಲಿನ ಕಿಟಕಿಯೊಳಗೆ ಸಾಲಾಗಿ ಹಾಸಿದ್ದ ಎಲೆ ಕಂಡಿತು. ಇಡೀ ಹ್ಯೂಸ್ಟನ್ನಿನ ಗಾಳಿ ತನ್ನೊಬ್ಬನಿಗೇ ಬೇಕೆನ್ನುವ ಹಾಗೆ ಎದೆ ತುಂಬ ಎಳೆದ. ಅರ್ಧ ಎಳೆಯುವಷ್ಟರಲ್ಲಿ ಎದೆಯೊಳಗೆ ಯಾರೋ ಚಾಕು ತಿರುಗಿಸಿದಂತಾಯಿತು. ಆದರೂ ಗೆರೆ ದಾಟಿದ. "ಕಬ..." ಅಂದ. ಮುಂದಿನದೆಲ್ಲ ಕೆಮ್ಮು. ಬಗ್ಗಿ ಕೆಮ್ಮಿದ, ಕೂತು ಕೆಮ್ಮಿದ, ನರಸಿಂಹ ಬಂದು ಬೆನ್ನು ನೀವಿದ ಮೇಲೂ ಕೆಮ್ಮಿದ. ಬೆನ್ನು ನೀವಿದ್ದಕ್ಕೂ ಅವನು ಔಟೇ.

ಮೋಹನರಾಜ ಯಾರಿಗೂ ಬೇಜಾರಾಗದಂತೆ ಮೆಲ್ಲಗೆ ಸೀಟಿ ಊದಿದ. ಡಲ್ಲಾಸ್ ಸೋತಿತು.

ಒಳಗೆ ಹೋಳಿಗೆ, ಕೋಸಂಬರಿ, ಪುಳಿಯೋಗರೆ ಘಮಘಮಿಸುತ್ತಿತ್ತು. ಎಲೆಗಳನ್ನು ವಿಯೆಟ್ನಾಮಿನವರ ಅಂಗಡಿಯಿಂದ ಐಸುಗಟ್ಟಿದ ಹಾಗೇ ತಂದು, ಕರಗಿಸಿ, ಒರೆಸಿ ಹಾಸಿದ್ದರು. ಆದರೆ ಗೆದ್ದವರು ಗೆದ್ದ ಮುಖದಲ್ಲಿರಲಿಲ್ಲ. ಗೋಡೆಗೊರಗಿ ಸಾಲಾಗಿ ಕೂತು ಪೇಪರ್ ಲೋಟದಲ್ಲಿ ಮಜ್ಜಿಗೆ ಗುಟುಕರಿಸುತ್ತಿದ್ದರು. "ಪುಳಿಯೋಗರೆ ವಾಸನೆಗೇ ಕೆಮ್ಮು ಬರ್ತಿದೆ" ಎಂದ ನಿಶ್ಚಲ್, ಗುಂಡೇಟು ತಿಂದವನ ದನಿಯಲ್ಲಿ. ಶ್ರೀವಿದ್ಯಾ ಯಾರನ್ನೂ ಏಳಲು ಬಿಡಲಿಲ್ಲ. ಹ್ಯೂಸ್ಟನ್ ತಂಡದಲ್ಲಿ ಎಲೆಯ ಮುಂದೆ ಕೂತದ್ದು ಒಬ್ಬರೇ, ನರಸಿಂಹ. ಓಡದವರ ಹಸಿವಿಗೆ ಏನೂ ಆಗಿರಲಿಲ್ಲ.

"ಒಂದೇ ಎಲೆ ಆದ್ರೂ ಎಲೇನೇ!" ಎಂದು ಯಾರೋ ಕ್ಯಾಮೆರಾ ತೆಗೆದರು. ಅಜ್ಜಿಯರು, ಮಕ್ಕಳು, ಮಾಜಿ ಅಧ್ಯಕ್ಷರು ಸುತ್ತ ಸೇರಿದರು. ಸಿದ್ಧಾರ್ಥನ ಕೈಗೆ ಕಪ್ಪು ಕಸದ ಚೀಲ ಬಂತು.

ಅವನ ಕಿವಿ ಕೆಂಪಾಯಿತು. ಚೀಲ ಎಸೆದು ಹೋಗಿಬಿಡಬಹುದಿತ್ತು. ಹೋದರೆ, 'ನಿಶ್ಚಲ್ ಎತ್ತಿಲ್ವಾ, ಇವನಿಗೇನು ರೋಗ' ಅನ್ನುತ್ತಾರೆ. ಏನು ರೋಗವೆಂದು ಹೇಳಬೇಕಾಗುತ್ತದೆ. ಕೆಮ್ಮುತ್ತ ನಿಂತ. ಆಗ ನರಸಿಂಹ ಕೊನೆಯ ತುತ್ತು ಮುಗಿಸಿ, ಎಲೆ ಮಡಚಲು ಕೈ ಚಾಚಿದರು.

ಊಟ ಮಾಡುವವನು ಏಳುವ ತನಕ ಎಲೆ ಎತ್ತುವಂತಿಲ್ಲವಲ್ಲ!

ಸಿದ್ಧಾರ್ಥ ಚೀಲ ಕೆಳಗಿಟ್ಟು ಹೋಳಿಗೆಯ ತಟ್ಟೆ ಎತ್ತಿದ.

"ಭಟ್ರ, ಹಿಂಗ ಎದ್ರ ಹೆಂಗ್ರಿ? ಡಲ್ಲಾಸ್ ಕೈಯಿಂದ ಒಂದ ಹೋಳಿಗಿ."

"ಅಯ್ಯೋ ಸಾಕಪ್ಪ, ಹೊಟ್ಟೆ..."

"ಸೋತಾಂವನ ಕೈಯಾಂದು ಬ್ಯಾಡೇನ್ರಿ ಹಂಗಾರ?"

ಬಡಿಸುವವನು ನೊಂದುಕೊಂಡರೆ ಪುರೋಹಿತನ ಬಾಯಿ ತಾನಾಗಿ ತೆರೆಯುತ್ತದೆ. ನರಸಿಂಹ ತಿಂದರು. ಅದು ಮುಗಿಯುವಷ್ಟರಲ್ಲಿ ತುಪ್ಪ ಬಂತು, ತುಪ್ಪಕ್ಕೆ ಇನ್ನೊಂದು ಹೋಳಿಗೆ ಬಂತು. ಅಂಗೈ ಅಡ್ಡ ಹಿಡಿದರು. ಖಾನಾವಳಿಯಲ್ಲಿ ಪಳಗಿದ ಕೈ ಬೆರಳ ಸಂದಿಯಿಂದಲೇ ಅನ್ನ ಇಳಿಸಿತು. ಎಲೆಯ ಮೇಲೆ ಬಗ್ಗಿ ಮರೆ ಮಾಡಿದರು. ಹಿಂದಿನಿಂದ ಸಾರು ಬಂತು. ಸಾರು ಹರಿದು ಹೋಗುತ್ತದೆಂದು ಗಾಬರಿಯಿಂದ ಅನ್ನ ಕಲಸಿದರು. ಮೊದಮೊದಲು ನಕ್ಕ ಜನ ಕ್ಯಾಮೆರಾ ಹಿಡಿದ ಕೈ ಸೋತು ಕೂತರು. ಹಾಲಿನ ಕಾವಲಿನ ಬಿಳಿ ಹೆಂಗಸು ಬಾಗಿಲ ಬಳಿ ಬೀಗದ ಕೈ ಅಲ್ಲಾಡಿಸತೊಡಗಿದಳು.

ನರಸಿಂಹರ ಮುಖದಲ್ಲಿ ಬೆವರು ಮೂಡಿತು. ಅಂಗಳದಲ್ಲಿ ಕದಲದ ಉಸಿರು ಈಗ ಅಳ್ಳೆಯಲ್ಲಿ ಕುಣಿಯುತ್ತಿತ್ತು.

"ಸಿದ್ಧಾರ್ಥ್..." ಎಂದರು ಮೆಲ್ಲಗೆ. "ಏನಪ್ಪ ನಿನ್ನ ಉದ್ದೇಶ? ಕೊಲ್ತೀಯಾ ನನ್ನ?"

ಸಿದ್ಧಾರ್ಥ ಬಗ್ಗಿ, ಬಡಿಸುವ ನೆವದಲ್ಲಿ, ಅವರಿಗಷ್ಟೇ ಕೇಳುವಂತೆ ಹೇಳಿದ. "ನೀವು ಎದ್ರ ನಾ ಎಲಿ ಎತ್ತಬೇಕ್ರಿ. ಎತ್ತಿ ಎತ್ತಿ ಬಂದಾಂವ್ರಿ ನಾ, ಹುಬ್ಬಳ್ಳಿ ಖಾನಾವಳ್ಯಾಗ. ಇವ್ರಿಗೆ ಅದು ನಗಿ. ನನಗ ಅಲ್ಲ. ಇನ್ನ ಎತ್ತೂದಿಲ್ಲ ಅಂತ ಆಣಿ ಮಾಡೇನಿ."

ನರಸಿಂಹ ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿದರು. ಅವನ ಮುಖ ನೋಡಿದರು. ಎಲೆ ನೋಡಿದರು.

"ಅಲ್ಲಯ್ಯಾ," ಎಂದರು, "ಇದನ್ನ ಐದು ಹೋಳಿಗೆ ಮುಂಚೆ ಹೇಳ್ಬಾರ್ದಾಗಿತ್ತಾ?"

ಆಮೇಲೆ ದನಿ ಎತ್ತಿ, ಸಂಕಲ್ಪ ಹೇಳುವ ಗತ್ತಿನಲ್ಲಿ, "ಅಮ್ಮಾ, ಯಾರಾದ್ರೂ ಅಲ್ಯೂಮಿನಿಯಂ ಫಾಯಿಲ್ ತನ್ನಿ!" ಎಂದರು.

ಫಾಯಿಲ್ ಬಂತು. ನರಸಿಂಹ ಅನ್ನ, ಸಾರು, ಅರ್ಧ ಹೋಳಿಗೆ ಸಮೇತ ಎಲೆಯನ್ನು ಮಗುವಿಗೆ ಕುಲಾವಿ ಕಟ್ಟುವ ಹಾಗೆ ಸುತ್ತಿದರು.

"ಏನ್ ಮಾಡ್ತಿದ್ದೀರಿ ಭಟ್ರೇ? ಎಲೆ ಅವರು ಎತ್ತಬೇಕು!" ಎಂದು ನಿಶ್ಚಲ್ ಗೋಡೆಯ ಬಳಿಯಿಂದ ಕೆಮ್ಮಿದ.

"ಊಟ ಮುಗಿದ್ಮೇಲೆ ತಾನೇ ಎತ್ತೋದು? ನನ್ನದು ಮುಗಿದಿಲ್ಲ. ಮನೇಲಿ ಮುಂದುವರಿಸ್ತೀನಿ. ಅಮೆರಿಕದಲ್ಲಿ ಎಲ್ಲರೂ ಪಾರ್ಸೆಲ್ ತಗೊಂಡು ಹೋಗಲ್ವೇನು?"

ಎಲ್ಲರೂ ಮೋಹನರಾಜನ ಕಡೆ ನೋಡಿದರು. ಅವನು ಕುತ್ತಿಗೆಯ ಸೀಟಿ ಮುಟ್ಟಿಕೊಂಡು ಬಹಳ ಹೊತ್ತು ಯೋಚಿಸಿದ. "ಪಂದ್ಯ ಮುಗಿದಿದೆ," ಎಂದ. "ಊಟ ಮುಗಿದಿಲ್ಲ. ಎಲೆ ಯಾರೂ ಎತ್ತೋ ಹಾಗಿಲ್ಲ." ಊದಿದ ಕೂಡ.

ಕ್ಯಾಮೆರಾದವರು ಗೊಣಗುತ್ತ ಕ್ಯಾಮೆರಾಗಳನ್ನು ಚೀಲಕ್ಕೆ ತುಂಬಿಕೊಂಡರು. ಬೀಗದ ಹೆಂಗಸು ದೀಪ ಆರಿಸತೊಡಗಿದಳು. ನರಸಿಂಹ ಏಳಲು ನೋಡಿದರು; ಹೊಟ್ಟೆ ಒಪ್ಪಲಿಲ್ಲ. ಸಿದ್ಧಾರ್ಥ ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿದ. ನಿಂತದ್ದಕ್ಕೇ ಅವರು ನಾಯಿ ತೇಕುವ ಹಾಗೆ ತೇಕಿದರು.

"ಇವರಿಗೇನಾಯ್ತು? ಇವರೂ ಓಡಿದ್ರಾ?" ಎಂದು ಶ್ರೀವಿದ್ಯಾ ಧಾವಿಸಿ ಬಂದಳು.

"ಇಲ್ಲಮ್ಮ, ಬರೀ ಊಟ."

"ಹಾಗಾದ್ರೆ ಇಬ್ರೂ ಕಾರಿನ ತನಕ ನಿಧಾನಕ್ಕೆ ನಡೀರಿ. ಮೂಗಲ್ಲಿ ಉಸಿರಾಡಿ. ಸಿದ್ಧಾರ್ಥ್, ಸೋಮವಾರ ನನಗೆ ಫೋನ್ ಮಾಡ್ಬೇಕು ನೀವು, ಆ ಕೆಮ್ಮಿಗೆ. ಮರೀಬೇಡಿ."

"ಆತ್ರಿ" ಎಂದ ಸಿದ್ಧಾರ್ಥ. ಸಿಟ್ಟು ಬರುತ್ತದೇನೋ ಎಂದು ಒಂದು ಗಳಿಗೆ ಕಾದ. ಬರಲಿಲ್ಲ.

ಹೊರಗೆ ಬಿಸಿಲು ಇನ್ನೂ ಸುಡುತ್ತಿತ್ತು. ವ್ಯಾನಿನ ಬಾಗಿಲಲ್ಲಿ ನಿಂತ ಸಿದ್ರಾಮಪ್ಪನವರು ಒಳಗೆ ನಡೆದದ್ದು ಏನೊಂದೂ ತಿಳಿಯದೆ, ಸಜ್ಜನಿಕೆಯಿಂದ ಕೂಗಿದರು, "ಲೇ ತಮ್ಮಾ! ಭಟ್ರ ಕೈಯಾಗಿನ ಆ ಪಾರ್ಸಲ್ಲ ತಗೊಂಡ ಅವರ ಕಾರಿನ್ಯಾಗ ಇಟ್ಟ ಬಾ!"

ಸಿದ್ಧಾರ್ಥ ನಿಂತುಬಿಟ್ಟ. ನರಸಿಂಹ ಫಾಯಿಲಿನ ಗಂಟನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡರು.

"ಬೇಡ ಬೇಡ ಬೇಡ," ಎಂದರು ಏದುಸಿರಿನಲ್ಲಿ, "ಇದನ್ನ ನಾನೇ ಹೊರ್ತೀನಿ. ನೀನು ನನ್ನ ತೋಳು ಹಿಡ್ಕೊ ಸಾಕು."